ಸೆರಗಿನ ಲೆಕ್ಕ, ಶಾಲಿನ ಜಾಲ: ಬಣ್ಣದ ನೂಲಿನ ಹೆಣಿಗೆಯನ್ನು ಕುರಿತು ಒಂದು ಅಧ್ಯಯನ

೧. ಪೀಠಿಕೆ

ಗಣ್ಯರನ್ನು ಗೌರವಿಸುವಾಗ ಶಾಲು ಹೊದಿಸುವುದು ನಮ್ಮ ನಾಡಿನ ಹಳೆಯ ಮರ್ಯಾದೆ. ನಮ್ಮ ವಿದ್ಯಾಸಂಸ್ಥೆಯ ವಾರ್ಷಿಕೋತ್ಸವವಿರಲಿ, ದಾನಿಗಳ ಸತ್ಕಾರವಿರಲಿ, ನಿವೃತ್ತ ಗುರುಗಳ ಬೀಳ್ಕೊಡುಗೆಯಿರಲಿ, ಶಾಲು, ಹಾರ, ಫಲಪುಷ್ಪಗಳಿಲ್ಲದೆ ಆ ಕಾರ್ಯಕ್ರಮವು ಪೂರ್ಣವಾಗುವುದಿಲ್ಲ. ಆದರೆ ಹೊದಿಸಿದ ಶಾಲು ಎಲ್ಲಿಯದು, ಯಾರ ಕೈಯಿಂದ ಬಂದುದು ಎಂದು ಕೇಳಿದರೆ ಹೊದಿಸಿದವರೂ ಹೇಳಲಾರರು, ಹೊದೆದವರೂ ಹೇಳಲಾರರು. ಅದು ದೂರದ ಯಾವುದೋ ಯಂತ್ರಮಗ್ಗದಿಂದ ಬಂದು, ಪೇಟೆಯ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಕೊಂಡದ್ದು. ಬಹುಮಟ್ಟಿಗೆ ಒಮ್ಮೆ ಹೊದೆದು ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು.

ಇದು ಮಗ್ಗವೇ ಇಲ್ಲದ ಸೀಮೆಯ ಮಾತಾಗಿದ್ದರೆ ಕೊರತೆಯೆಂದು ಎಣಿಸಬೇಕಾಗಿರಲಿಲ್ಲ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರಗಳಲ್ಲಿ ಇಳಕಲ್ಲ ಸೀರೆಯನ್ನು ನೇಯುವ ಮನೆಗಳಿವೆ. ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರವು ನೇಕಾರರ ಊರೆಂದೇ ಹೆಸರಾದುದು. ಈ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತು ಓದುತ್ತಿದ್ದಾರೆ. ಅವರ ಮನೆಯ ವಿದ್ಯೆಗೂ ನಮ್ಮ ಶಾಲೆಯ ವಿದ್ಯೆಗೂ ಸಂಬಂಧವೇ ಇಲ್ಲವೆಂಬಂತೆ ನಾವು ನಡೆದುಕೊಳ್ಳುತ್ತಿರುವುದು ಉಚಿತವೇ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಕಡ್ಡಿಗಳಿಂದ ಬಣ್ಣದ ನೂಲನ್ನು ಹೆಣೆದು ಜಾಲರಿಯಂತಹ ಶಾಲನ್ನು ಮಾಡುವ ಕಲೆಯೊಂದು ಲೋಕದಲ್ಲಿ ಪ್ರಸಿದ್ಧವಾಗಿದೆ. ಅದರ ರೀತಿಯನ್ನೂ, ನಮ್ಮ ಇಳಕಲ್ಲ ಸೆರಗಿನ ರೀತಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಎರಡರ ಸಾರದಿಂದ ನಮ್ಮ ಮಕ್ಕಳು ಮಾಡಬಹುದಾದ ಒಂದು ಶಾಲಿನ ವಿನ್ಯಾಸವನ್ನು ವಿವರಿಸುವುದು ಇಲ್ಲಿಯ ಉದ್ದೇಶ. ಕನ್ನಡ ಪಂಡಿತನಿಗೆ ಕಡ್ಡಿ ದಾರಗಳ ಗೊಡವೆಯೇಕೆಂದು ವಾಚಕರು ಶಂಕಿಸಬಹುದು. ನೂಲಿನ ಮಾತು ನುಡಿಯ ಮಾತೂ ಹೌದೆಂಬುದು ಮುಂದೆ ವಿದಿತವಾಗುವುದು.

೨. ಶಬ್ದವಿಚಾರ

'ನೆಯ್' ಮತ್ತು 'ಹೆಣೆ' ಎಂಬ ಎರಡು ಧಾತುಗಳು ನಮ್ಮಲ್ಲಿ ಪ್ರಾಚೀನವಾಗಿವೆ. ಹೆಣೆ ಎಂಬುದು ಹಳಗನ್ನಡದಲ್ಲಿ ಪೆಣೆ. ಪಕಾರಕ್ಕೆ ಹಕಾರ ಬಂದು ಪಾಲು ಹಾಲಾದಂತೆ, ಪೂ ಹೂವಾದಂತೆ, ಪೆಣೆಯು ಹೆಣೆಯಾಯಿತು. ಇವೆರಡರ ಅರ್ಥಭೇದವನ್ನು ಮಕ್ಕಳಿಗೆ ತಿಳಿಸುವುದು ಸುಲಭ. ನೇಯುವಾಗ ಎರಡು ನೂಲುಗಳು ಬೇಕು. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಹೆಣೆಯುವಾಗ ಒಂದೇ ನೂಲು ಸಾಕು. ಅದು ತನ್ನೊಳಗೆ ತಾನೇ ಕುಣಿಕೆಯಾಗಿ, ಆ ಕುಣಿಕೆಯೊಳಗೆ ಮತ್ತೊಂದು ಕುಣಿಕೆಯಾಗಿ ಬೆಳೆಯುತ್ತದೆ. ನೇಯ್ದ ಬಟ್ಟೆಯ ಅಂಚನ್ನು ಕತ್ತರಿಸಿದರೆ ಎಳೆ ಬಿಚ್ಚಬಹುದು. ಹೆಣೆದುದರ ಒಂದು ಕುಣಿಕೆ ಜಾರಿದರೆ ಅದರ ಕೆಳಗಿನ ಸಾಲುಗಳೆಲ್ಲ ಏಣಿಯಂತೆ ಬಿಚ್ಚಿಹೋಗುತ್ತವೆ.

ಹಾಸು, ಹೊಕ್ಕುಗಳು ಸೇರಿ ಆದ 'ಹಾಸುಹೊಕ್ಕು' ಎಂಬ ಮಾತನ್ನು ನಾವು ದಿನವೂ ಆಡುತ್ತೇವೆ, ಪ್ರಬಂಧಗಳಲ್ಲಿ ಬರೆಯುತ್ತೇವೆ. ಅದು ಮಗ್ಗದಿಂದ ಬಂದ ಮಾತೆಂಬುದನ್ನು ತಿಳಿದು ಬರೆಯುವ ವಿದ್ಯಾರ್ಥಿಗಳು ವಿರಳ. 'ಜೇಡ' ಎಂದರೆ ಬಲೆ ಹೆಣೆಯುವ ಜೀವಿಯೂ ಹೌದು, ನೇಕಾರನೂ ಹೌದು. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಮುದನೂರಿನ ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತೇ ವಚನಕಾರರಾದವರು. ಕದಿರ ರೆಮ್ಮವ್ವೆಯೆಂಬ ಶರಣೆಯು ತನ್ನ ರಾಟೆಯ ಒಂದೊಂದು ಅಂಗಕ್ಕೂ ದೈವತ್ವವನ್ನು ಕಂಡು ವಚನ ನುಡಿದವಳು. ಕದಿರೆಂದರೆ ನೂಲು ಸುತ್ತುವ ಕಡ್ಡಿ. ರಾಟೆಯ ಅಂಗಗಳ ಹೆಸರು ತಿಳಿಯದವನಿಗೆ ಆ ವಚನದ ಅರ್ಥವು ಅರ್ಧವೇ ದಕ್ಕುವುದು. ಕಸುಬಿನ ಶಬ್ದಗಳು ಅಳಿದರೆ ಕಾವ್ಯಾರ್ಥವೂ ಕುಗ್ಗುವುದೆಂಬುದಕ್ಕೆ ಇದು ಸಾಕಾದ ನಿದರ್ಶನ.

ಕವಿರಾಜಮಾರ್ಗಕಾರನು ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ನೆಲೆಗಳಲ್ಲಿ ಕೊಪಣನಗರವೂ ಒಂದು. ಆ ಕೊಪಣವೇ ನಮ್ಮ ಕೊಪ್ಪಳ. ಆದುದರಿಂದ ಈ ನೆಲದ ನೇಕಾರರ ಬಾಯಿಯ ಮಾತುಗಳನ್ನು, ಅಂದರೆ ಕುಣಿಮಗ್ಗ, ಲಾಳಿ, ಕಂಡಿಕೆ, ಉಂಕಿ, ಹಣಿಗೆ, ದಡಿ, ಕೊಂಡಿ ಮೊದಲಾದವನ್ನು ಗ್ರಾಮ್ಯವೆಂದು ತಳ್ಳಿಹಾಕುವ ಅಧಿಕಾರ ನಮಗಿಲ್ಲ.

೩. ಇಳಕಲ್ಲ ಸೆರಗಿನ ರಚನೆ

ಇಳಕಲ್ಲು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಕೊಪ್ಪಳವು ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಗಡಿಗಳು ಹೀಗೆ ಬದಲಾದರೂ ಮಗ್ಗದ ಗಡಿ ಬದಲಾಗಲಿಲ್ಲ. ಕುಷ್ಟಗಿ ಸೀಮೆಯ ನೇಕಾರರು ನೇಯುವ ಸೀರೆಯೂ ಇಳಕಲ್ಲ ಸೀರೆಯೇ.

ಈ ಸೀರೆಯ ವೈಶಿಷ್ಟ್ಯವು ಮುಖ್ಯವಾಗಿ ಎರಡು ಸಂಗತಿಗಳಲ್ಲಿದೆ. ಮೊದಲನೆಯದು ಕೊಂಡಿ. ಸೀರೆಯ ಮೈಯ ಹಾಸು ಸಾಮಾನ್ಯವಾಗಿ ಹತ್ತಿಯದು. ಸೆರಗಿನ ಹಾಸು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಎರಡೂ ಬೇರೆ ಬೇರೆ ಹಾಸುಗಳು. ಮೈಯ ಹಾಸಿನ ಎಳೆಯ ತುದಿಯ ಕುಣಿಕೆಯೊಳಗೆ ಸೆರಗಿನ ಹಾಸಿನ ಎಳೆಯ ಕುಣಿಕೆಯನ್ನು ಸಿಕ್ಕಿಸಿ, ಎಳೆಗೆ ಎಳೆ ಸೇರಿಸುತ್ತಾರೆ. ಇದೇ ಕೊಂಡಿ ಹಾಕುವುದು. ಅಗಲದುದ್ದಕ್ಕೂ ಇರುವ ಎಳೆಗಳೆಲ್ಲಕ್ಕೂ ಹೀಗೆಯೇ ಕೊಂಡಿ ಬೀಳಬೇಕು. ಈ ಕಾರಣದಿಂದ ಸಾಂಪ್ರದಾಯಿಕ ಕ್ರಮದಲ್ಲಿ ಹಾಸನ್ನು ಒಂದೊಂದು ಸೀರೆಗೂ ಪ್ರತ್ಯೇಕವಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಮನೆಯ ಹೆಂಗಸರ, ಮಕ್ಕಳ ಬೆರಳುಗಳು ಇದರಲ್ಲಿ ಪಾಲ್ಗೊಳ್ಳುತ್ತವೆ. ಸೀರೆ ನೇಯ್ದವನೊಬ್ಬನೆಂದು ನಾವು ಹೇಳುತ್ತೇವೆ. ಅದರ ಹಿಂದೆ ಇಡೀ ಮನೆಯ ದುಡಿಮೆಯಿದೆ.

ಎರಡನೆಯದು ಟೋಪು ತೆನೆ ಸೆರಗು. ಕೆಂಪು ಪಟ್ಟೆಗಳು ಮೂರು, ಅವುಗಳ ನಡುವೆ ಬಿಳಿಯ ಪಟ್ಟೆಗಳು ಎರಡು, ಹೀಗೆ ಐದು ಭಾಗಗಳಾಗಿ ಸೆರಗು ನಿಲ್ಲುತ್ತದೆ. ಕೆಂಪೂ ಬಿಳಿಯೂ ಕೂಡುವಲ್ಲಿ ನೇರವಾದ ಗೆರೆಯಿರುವುದಿಲ್ಲ. ಒಂದರೊಳಗೊಂದು ಹಲ್ಲು ಚಾಚಿ ಸೇರುತ್ತವೆ. ಆ ಹಲ್ಲುಗಳ ಆಕಾರಕ್ಕೆ ತಕ್ಕಂತೆ ಹೆಸರುಗಳು. ಬಾಚಣಿಗೆಯಂತಿದ್ದರೆ ಹಣಿಗೆ, ಕೋಟೆಯ ತೆನೆಗಳಂತಿದ್ದರೆ ಕೋಟೆ ಕಮ್ಮಿ, ಜೋಳದ ತೆನೆಯಂತಿದ್ದರೆ ಟೋಪು ತೆನೆ, ಗುಡ್ಡದ ಸಾಲಿನಂತಿದ್ದರೆ ರಂಪ. ಕೋಟೆ, ಗುಡ್ಡ, ಜೋಳದ ಹೊಲ, ಮನೆಯ ಬಾಚಣಿಗೆ, ಇವೆಲ್ಲ ನಮ್ಮ ಸೀಮೆಯ ಕಣ್ಣಿಗೆ ದಿನವೂ ಬೀಳುವ ವಸ್ತುಗಳು. ಕೊಪ್ಪಳದ ಕೋಟೆಯನ್ನೂ ಬೆಟ್ಟಗಳ ಸಾಲನ್ನೂ ನೋಡಿ ಬೆಳೆದವರಿಗೆ ಈ ಹೆಸರುಗಳಿಗೆ ವ್ಯಾಖ್ಯಾನ ಬೇಕಾಗಿಲ್ಲ.

ಮೈಗೆ ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು ಮೊದಲಾದ ಗಾಢವರ್ಣಗಳು ರೂಢಿಯಲ್ಲಿವೆ. ಮೈ ಯಾವ ಬಣ್ಣದ್ದಾದರೂ ಸೆರಗಿನ ಕೆಂಪು ಬಿಳಿಗಳು ಸಾಮಾನ್ಯವಾಗಿ ಬದಲಾಗುವುದಿಲ್ಲ. ವಿನ್ಯಾಸದಲ್ಲಿ ಒಂದು ಅಂಶವು ಸ್ಥಿರವಾಗಿದ್ದು ಇನ್ನೊಂದು ಅಂಶವು ಚಲಿಸುವುದರಿಂದಲೇ ನೂರು ಸೀರೆಗಳ ನಡುವೆಯೂ ಇಳಕಲ್ಲ ಸೀರೆಯು ಕಣ್ಣಿಗೆ ಗುರುತು ಸಿಗುತ್ತದೆ. ಇದು ವಿನ್ಯಾಸವನ್ನು ಕಲಿಯುವವರು ಗಮನಿಸಬೇಕಾದ ಮೊದಲ ಸೂತ್ರ.

ಇದಕ್ಕೆ ಸೇರಿದಂತೆ ಧಾರವಾಡ ಸೀಮೆಯಲ್ಲಿ ಬೆಳೆದ ಕಸೂತಿಯನ್ನೂ ನೆನೆಯಬೇಕು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ, ನವಿಲುಗಳನ್ನು ತೆಗೆಯುತ್ತಾರೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಲೇ ಸೂಜಿ ನಡೆಯುತ್ತದೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುವುದರಿಂದ ಬಟ್ಟೆಯ ಎರಡು ಮುಖಗಳೂ ಒಂದೇ ಆಗಿ ಕಾಣುತ್ತವೆ. ಗಂಟು ಎಲ್ಲಿಯೂ ತೋರಬಾರದು. ಹೋಗುವಾಗ ಎಣಿಕೆ ಒಂದೆಳೆ ತಪ್ಪಿದರೆ ಮರಳುವ ದಾರಿ ಸೇರುವುದಿಲ್ಲ.

೪. ಹೆಣಿಗೆಯ ಜಾಲರಿ ಶಾಲುಗಳು

ಈಗ ಹೊರಲೋಕದ ಹೆಣಿಗೆಗೆ ಬರೋಣ. ಸ್ಕಾಟ್ಲೆಂಡಿನ ಉತ್ತರಕ್ಕೆ ಸಮುದ್ರದಲ್ಲಿರುವ ಶೆಟ್ಲೆಂಡ್ ದ್ವೀಪಗಳಲ್ಲಿ, ಮರಗಳು ವಿರಳವಾದ, ಗಾಳಿ ಹೆಚ್ಚಾದ ನೆಲದಲ್ಲಿ, ಕುರಿಯ ನವಿರಾದ ಉಣ್ಣೆಯಿಂದ ಹೆಂಗಸರು ಶಾಲು ಹೆಣೆಯುವುದನ್ನು ಬೆಳೆಸಿದರು. ಅವುಗಳಲ್ಲಿ ಉನ್ಸ್ಟ್ ಎಂಬ ದ್ವೀಪದ ಶಾಲುಗಳು ಮದುವೆಯ ಉಂಗುರದೊಳಗೆ ತೂರಿ ಬರುವಷ್ಟು ನವಿರೆಂದು ಪ್ರಸಿದ್ಧ. ರಷ್ಯದ ಒರೆನ್‌ಬುರ್ಗ್ ಸೀಮೆಯ, ಮೇಕೆಯ ಮೃದುರೋಮದ ಶಾಲುಗಳಿಗೂ ಇದೇ ಉಂಗುರದ ಪರೀಕ್ಷೆಯ ಖ್ಯಾತಿಯಿದೆ. ಎಸ್ಟೋನಿಯದ ಹಾಪ್ಸಾಲು ಪಟ್ಟಣದ ಶಾಲುಗಳು ಜಾಲರಿಯ ನಡುವೆ ಮೊಗ್ಗಿನಂತೆ ಉಬ್ಬಿದ ಕುಣಿಕೆಗಳಿಗೆ ಹೆಸರಾದುವು. ನಮ್ಮ ನೆರೆಯ ಆಂಧ್ರದ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನರಿಗಳ ಮೂಲಕ ಬಂದ ಕ್ರೋಶ ಕೆಲಸವು ಗೋದಾವರಿ ಸೀಮೆಯ ಹೆಂಗಸರ ಜೀವನೋಪಾಯವಾಗಿ ಬೆಳೆಯಿತು. ಒಂದು ಕೊಕ್ಕೆಯಿಂದ ಮಾಡುವುದು ಕ್ರೋಶ, ಎರಡು ಕಡ್ಡಿಗಳಿಂದ ಮಾಡುವುದು ಹೆಣಿಗೆ. ಎರಡರಲ್ಲಿಯೂ ಜಾಲರಿಯನ್ನು ತೆಗೆಯಬಹುದು.

ಜಾಲರಿಯ ಸೊಗಸು ನಮಗೆ ಹೊಸತೇನಲ್ಲ. ಐಹೊಳೆಯ ದೇಗುಲಗಳಲ್ಲಿ ಕಲ್ಲಿನ ಜಾಲಾಂದ್ರಗಳನ್ನು ನೋಡಿದವರಿಗೆ ಅದು ಗೊತ್ತು. ಕಲ್ಲು ಎಷ್ಟು ಉಳಿಯಬೇಕೋ ರಂಧ್ರವೂ ಅಷ್ಟೇ ಎಣಿಕೆಯಿಂದ ನಿಲ್ಲಬೇಕು. ಶಿಲ್ಪಿಯು ಕಲ್ಲನ್ನು ತೆಗೆದು ರಂಧ್ರ ಮಾಡುತ್ತಾನೆ. ಹೆಣೆಯುವವಳಾದರೋ ಏನನ್ನೂ ಕತ್ತರಿಸದೆ, ಇರುವ ನೂಲನ್ನೇ ಬಳಸಿ ರಂಧ್ರವನ್ನು ಮಾಡುತ್ತಾಳೆ. ಅದು ಹೇಗೆಂಬುದೇ ಈ ಕಲೆಯ ಗುಟ್ಟು.

ಹೆಣಿಗೆಯಲ್ಲಿ ಮೂಲತಃ ಎರಡೇ ಬಗೆಯ ಕುಣಿಕೆಗಳಿವೆ. ಹಿಂದಿನಿಂದ ಮುಂದಕ್ಕೆ ನೂಲು ಬಂದರೆ ಸೀದಾ. ಮುಂದಿನಿಂದ ಹಿಂದಕ್ಕೆ ಹೋದರೆ ಉಲ್ಟಾ. ಜಾಲರಿಗೆ ಇನ್ನೆರಡು ಕ್ರಿಯೆಗಳು ಸೇರಬೇಕು. ಬಲಗೈಯ ಕಡ್ಡಿಯ ಮೇಲೆ ನೂಲನ್ನು ಬರಿದೇ ಒಂದು ಸುತ್ತು ಹಾಕಿದರೆ, ಕೆಳಗೆ ಆಧಾರವಿಲ್ಲದ ಹೊಸ ಕುಣಿಕೆಯೊಂದು ಹುಟ್ಟುತ್ತದೆ. ಅದರ ಕೆಳಗೆ ರಂಧ್ರವು ಮೂಡುತ್ತದೆ. ಇದನ್ನು 'ಸುತ್ತು' ಎಂದು ಕರೆಯೋಣ. ಎರಡು ಕುಣಿಕೆಗಳಲ್ಲಿ ಒಟ್ಟಿಗೆ ಕಡ್ಡಿ ತೂರಿಸಿ ಒಂದಾಗಿ ಹೆಣೆದರೆ ಒಂದು ಕುಣಿಕೆ ಕಡಿಮೆಯಾಗುತ್ತದೆ. ಇದನ್ನು 'ಜೋಡಿ' ಎನ್ನೋಣ. ಎಷ್ಟು ಸುತ್ತುಗಳೋ ಅಷ್ಟೇ ಜೋಡಿಗಳಿದ್ದರೆ ಶಾಲಿನ ಅಗಲ ಸಮವಾಗಿ ಉಳಿಯುತ್ತದೆ. ಸುತ್ತು ಹೆಚ್ಚಾದರೆ ಬಟ್ಟೆ ಹರವಿಕೊಳ್ಳುತ್ತದೆ; ಜೋಡಿ ಹೆಚ್ಚಾದರೆ ಕಿರಿದಾಗುತ್ತದೆ.

ಛಂದಸ್ಸನ್ನು ಕಲಿತವರಿಗೆ ಇಲ್ಲಿ ಪರಿಚಿತವಾದುದೊಂದು ಕಾಣಿಸುವುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎರಡು ಮಾತ್ರೆಗಳನ್ನು ಒಂದೇ ಅಕ್ಷರವು ಹೊರುವಂತೆ, ಎರಡು ಕುಣಿಕೆಗಳನ್ನು ಒಂದೇ ಕುಣಿಕೆಯು ಹೊರುವುದು ಜೋಡಿ. ಭಾಮಿನೀ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಹದಿನಾಲ್ಕು ಹದಿನಾಲ್ಕು ಮಾತ್ರೆಗಳು. ಮೂರು ಮತ್ತು ಆರನೆಯ ಪಾದಗಳಲ್ಲಿ ಇಪ್ಪತ್ತಮೂರು. ಒಟ್ಟು ನೂರಾ ಎರಡು. ಕುಮಾರವ್ಯಾಸನೂ ಚಾಮರಸನೂ ಈ ಲೆಕ್ಕದೊಳಗೇ ನಿಂತು ಸಾವಿರಾರು ಪದ್ಯಗಳಲ್ಲಿ ಒಂದರಂತೆ ಇನ್ನೊಂದಿಲ್ಲದೆ ಹಾಡಿದರು. ಲೆಕ್ಕವು ಕವಿಯ ಕೈಯನ್ನು ಕಟ್ಟಲಿಲ್ಲ. ಗಣ ವಿಭಜನೆಯನ್ನು ಕಂಡೊಡನೆ ಬೆದರುವ ಹುಡುಗನ ಕೈಗೆ ಎರಡು ಕಡ್ಡಿ ಕೊಟ್ಟು ಹದಿನೆಂಟು ಕುಣಿಕೆ ಹಾಕಿಸಿದರೆ, ಮಾತ್ರೆಯೆಂದರೇನೆಂಬುದು ಅವನ ಬೆರಳಿಗೆ ಮೊದಲು ತಿಳಿದು ಬುದ್ಧಿಗೆ ಆಮೇಲೆ ತಿಳಿಯಬಹುದು.

೫. ಒಂದು ಶಾಲಿನ ವಿನ್ಯಾಸ

ಶೆಟ್ಲೆಂಡಿನ ಹೆಂಗಸರು ದಿನಬಳಕೆಯ ಶಾಲುಗಳ ಅಂಚಿಗೆ ಅಲೆಯಾಕಾರದ ಹೆಣಿಗೆಯೊಂದನ್ನು ಬಣ್ಣಬಣ್ಣದ ಪಟ್ಟೆಗಳಲ್ಲಿ ಹೆಣೆಯುತ್ತಿದ್ದರು. ಅದು ಕಲಿಯಲು ಸುಲಭ, ನೋಡಲು ಸೊಗಸು. ಹದಿನೆಂಟು ಕುಣಿಕೆಗಳಿಗೆ ಒಂದು ಆವೃತ್ತಿ. ನಾಲ್ಕು ಸಾಲುಗಳಿಗೆ ಒಂದು ಅಲೆ. ಅದರ ಕ್ರಮ ಹೀಗಿದೆ:

ಮೊದಲನೆಯ ಸಾಲು: ಎಲ್ಲವೂ ಸೀದಾ.
ಎರಡನೆಯ ಸಾಲು: ಎಲ್ಲವೂ ಉಲ್ಟಾ.
ಮೂರನೆಯ ಸಾಲು: ಮೂರು ಜೋಡಿ, ಅನಂತರ 'ಒಂದು ಸುತ್ತು, ಒಂದು ಸೀದಾ' ಎಂಬುದನ್ನು ಆರು ಸಲ, ಅನಂತರ ಮತ್ತೆ ಮೂರು ಜೋಡಿ.
ನಾಲ್ಕನೆಯ ಸಾಲು: ಎಲ್ಲವೂ ಸೀದಾ.

ಮೂರನೆಯ ಸಾಲನ್ನು ಲೆಕ್ಕ ಹಾಕಿ ನೋಡೋಣ. ಮೊದಲ ಮೂರು ಜೋಡಿಗಳು ಆರು ಕುಣಿಕೆಗಳನ್ನು ತೆಗೆದುಕೊಂಡು ಮೂರನ್ನು ಕೊಡುತ್ತವೆ. ನಡುವಿನ ಆರು ಕುಣಿಕೆಗಳು ಆರು ಸುತ್ತುಗಳೊಡನೆ ಸೇರಿ ಹನ್ನೆರಡಾಗುತ್ತವೆ. ಕೊನೆಯ ಆರು ಮತ್ತೆ ಮೂರಾಗುತ್ತವೆ. ಮೂರು, ಹನ್ನೆರಡು, ಮೂರು ಕೂಡಿ ಹದಿನೆಂಟೇ. ಕಡಿಮೆಯಾದುದು ಆರು, ಬೆಳೆದುದು ಆರು. ಸುತ್ತುಗಳಿರುವ ಕಡೆ ಬಟ್ಟೆ ಹಿಗ್ಗಿ ಬೀಸಣಿಗೆಯಂತೆ ಬಿಚ್ಚುತ್ತದೆ. ಜೋಡಿಗಳಿರುವ ಕಡೆ ಕುಗ್ಗುತ್ತದೆ. ಹೀಗೆ ಗೆರೆಯು ತಾನಾಗಿಯೇ ಬಾಗಿ ಅಲೆಯಾಗುತ್ತದೆ. ಕೆಂಪೂ ಬಿಳಿಯೂ ಈ ಅಲೆಯಲ್ಲಿ ಸಂಧಿಸಿದರೆ ಒಂದರೊಳಗೊಂದು ಚಾಚಿ ಸೇರುವುದು ನಮ್ಮ ಸೆರಗಿನ ತೆನೆಯನ್ನೇ ನೆನಪಿಗೆ ತರುತ್ತದೆ. ಈ ಸಾದೃಶ್ಯವೇ ನಮ್ಮ ವಿನ್ಯಾಸಕ್ಕೆ ಆಧಾರ.

ಅಳತೆ: ಮೊದಲು ಎರಡು ಆವೃತ್ತಿಗಳ, ಅಂದರೆ ಮೂವತ್ತಾರು ಕುಣಿಕೆಗಳ, ಒಂದು ಮಾದರಿ ತುಂಡನ್ನು ಹೆಣೆದು, ತೊಯಿಸಿ, ಹರವಿ, ಒಣಗಿಸಿ ಅಳೆಯಬೇಕು. ಒಂದು ಆವೃತ್ತಿ ನಾಲ್ಕು ಅಂಗುಲ ಅಗಲ, ನಾಲ್ಕು ಸಾಲಿನ ಒಂದು ಅಲೆ ಮುಕ್ಕಾಲು ಅಂಗುಲ ಎತ್ತರ ಬಂತೆಂದು ಇಟ್ಟುಕೊಳ್ಳೋಣ. ಹದಿನಾರು ಅಂಗುಲ ಅಗಲಕ್ಕೆ ನಾಲ್ಕು ಆವೃತ್ತಿ, ಅಂದರೆ ೭೨ ಕುಣಿಕೆ, ಎರಡು ಅಂಚುಗಳಿಗೆ ಮೂರು ಮೂರರಂತೆ ಆರು, ಒಟ್ಟು ೭೮. ಅಂಚಿನ ಮೂರು ಮೂರು ಕುಣಿಕೆಗಳನ್ನು ಎಲ್ಲ ಸಾಲುಗಳಲ್ಲಿಯೂ ಸೀದಾ ಹೆಣೆದರೆ ಅಂಚು ಸುರುಳಿಯಾಗದು. ಅರವತ್ತು ಅಂಗುಲ ಉದ್ದಕ್ಕೆ ೮೦ ಅಲೆಗಳು, ಅಂದರೆ ೩೨೦ ಸಾಲುಗಳು. ೭೮ನ್ನು ೩೨೦ರಿಂದ ಗುಣಿಸಿದರೆ ೨೪,೯೬೦. ಇಷ್ಟು ಕುಣಿಕೆಗಳು ಒಂದು ಶಾಲಿನಲ್ಲಿವೆ. ಮಾದರಿ ತುಂಡಿನ ಅಳತೆ ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ, ವಿಧಾನವು ಒಂದೇ.

ವರ್ಣವಿಭಾಗ: ಶಾಲಿನ ಎರಡು ತುದಿಗಳಲ್ಲಿಯೂ ಐದೈದು ಪಟ್ಟೆಗಳು: ಕೆಂಪು, ಬಿಳಿ, ಕೆಂಪು, ಬಿಳಿ, ಕೆಂಪು. ಒಂದೊಂದು ಪಟ್ಟೆಗೆ ಮೂರು ಅಲೆ. ಹೀಗೆ ಒಂದು ಸೆರಗಿಗೆ ಹದಿನೈದು. ಎರಡು ಸೆರಗುಗಳಿಗೆ ಮೂವತ್ತು. ಉಳಿದ ಐವತ್ತು ಅಲೆಗಳು ಮೈಗೆ. ಮೈಯ ಬಣ್ಣವನ್ನು ಹೆಣೆಯುವವರು ತಮ್ಮ ಇಚ್ಛೆಯಂತೆ ಆರಿಸಿಕೊಳ್ಳಲಿ. ನವಿಲು ಹಸಿರಾದರೂ ಸರಿ, ನೀಲಿಯಾದರೂ ಸರಿ. ಬಣ್ಣವನ್ನು ಬದಲಿಸುವುದು ಮೊದಲನೆಯ ಸಾಲಿನ ಆರಂಭದಲ್ಲಿಯೇ ಆಗಬೇಕು. ಅದು ಮುಮ್ಮುಖದ ಸೀದಾ ಸಾಲಾದುದರಿಂದ ಬಣ್ಣಗಳ ಗಡಿಯು ಸ್ವಚ್ಛವಾಗಿ ಕಾಣುತ್ತದೆ. ಬೇರೆ ಸಾಲಿನಲ್ಲಿ ಬದಲಿಸಿದರೆ ಹಳೆಯ ಬಣ್ಣದ ಚುಕ್ಕೆಗಳು ಹೊಸ ಬಣ್ಣದೊಳಗೆ ಇಣುಕಬಹುದು.

ನೂಲು: ನಮ್ಮ ಸೀಮೆಯ ದಖ್ಖನಿ ಕುರಿಯ ಉಣ್ಣೆ ಒರಟಾದುದು. ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ಕಂಬಳಿಗೆ ಅದು ಸರಿ. ಮಳೆ ಚಳಿಗಳನ್ನು ತಡೆಯಲು ಅದರಂಥದು ಬೇರೊಂದಿಲ್ಲ. ಆದರೆ ಜಾಲರಿಗೆ ಅದು ಒಗ್ಗದು. ಇಲ್ಲಿಯ ಬಿಸಿಲಿಗೆ ಹತ್ತಿಯ ನೂಲೇ ಹಿತಕರ. ಹತ್ತಿಗೆ ಉಣ್ಣೆಯಂತೆ ಹಿಗ್ಗಿ ಕುಗ್ಗುವ ಗುಣವಿಲ್ಲ. ಆದುದರಿಂದ ಕೈ ಸಡಿಲವಾಗಿರಬೇಕು, ಆ ನೂಲಿಗೆ ಸಾಮಾನ್ಯವಾಗಿ ಹಿಡಿಯುವ ಕಡ್ಡಿಗಿಂತ ಸ್ವಲ್ಪ ದಪ್ಪನೆಯದನ್ನು ಹಿಡಿಯಬೇಕು. ಕೆಂಪು ನೂಲನ್ನು ಮೊದಲೇ ತೊಯಿಸಿ ಬಿಳಿಯ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದೋ ಎಂದು ಪರೀಕ್ಷಿಸಿಯೇ ತೆಗೆದುಕೊಳ್ಳಬೇಕು. ಬಣ್ಣ ಬಿಡುವ ಕೆಂಪಿನಿಂದ ಬಿಳಿಯ ಪಟ್ಟೆ ಕೆಟ್ಟರೆ ತಿಂಗಳುಗಳ ಶ್ರಮ ಒಂದೇ ಒಗೆತದಲ್ಲಿ ಹಾಳು.

ಕಾವಲು: ಪ್ರತಿ ಅಲೆಯ ನಾಲ್ಕನೆಯ ಸಾಲಿನಲ್ಲಿ ಕುಣಿಕೆಗಳನ್ನು ಎಣಿಸಬೇಕು. ಆವೃತ್ತಿಯಲ್ಲಿ ಹದಿನೇಳು ಬಂದರೆ ಸುತ್ತೊಂದು ಬಿಟ್ಟುಹೋಗಿದೆ. ಹತ್ತೊಂಬತ್ತು ಬಂದರೆ ಜೋಡಿಯೊಂದು ತಪ್ಪಿದೆ. ಐದು ಅಲೆಗಳಿಗೊಮ್ಮೆ ಸೂಜಿಯಿಂದ ಬೇರೆ ಬಣ್ಣದ ತೆಳು ದಾರವೊಂದನ್ನು ಆ ಸಾಲಿನ ಎಲ್ಲ ಕುಣಿಕೆಗಳಲ್ಲಿ ತೂರಿಸಿಟ್ಟರೆ, ಮುಂದೆ ಎಡವಿದರೂ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕು. ಕೆಲಸ ಮುಗಿದ ಮೇಲೆ ಆ ದಾರವನ್ನು ಎಳೆದು ತೆಗೆಯುವುದು.

ಸೇರಿಸುವಿಕೆ: ಒಂದು ತುದಿಯಿಂದ ಆರಂಭಿಸಿ ಇನ್ನೊಂದು ತುದಿಗೆ ಹೆಣೆದುಕೊಂಡು ಹೋದರೆ ಅಲೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ, ಎರಡು ಸೆರಗುಗಳು ಒಂದಕ್ಕೊಂದು ಹೊಂದುವುದಿಲ್ಲ. ಆದುದರಿಂದ ಶಾಲನ್ನು ಎರಡು ಅರ್ಧಗಳಾಗಿ ಹೆಣೆಯುವುದು ಮೇಲು. ಒಂದೊಂದು ಅರ್ಧವೂ ಸೆರಗಿನಿಂದ ಆರಂಭವಾಗಿ, ಹದಿನೈದು ಅಲೆ ಸೆರಗು, ಇಪ್ಪತ್ತೈದು ಅಲೆ ಮೈಯಾಗಿ ನಡುವಿನಲ್ಲಿ ನಿಲ್ಲುತ್ತದೆ. ಆಗ ಕುಣಿಕೆಗಳನ್ನು ಮುಚ್ಚದೆ ಕಡ್ಡಿಯ ಮೇಲೆಯೇ ಉಳಿಸಿಕೊಂಡು, ಎರಡು ಅರ್ಧಗಳನ್ನೂ ಎದುರುಬದುರಾಗಿ ಹಿಡಿದು, ದಬ್ಬಣದಂತಹ ಮೊಂಡು ಸೂಜಿಯಿಂದ ಅದೇ ನೂಲನ್ನು ಈ ಕಡೆಯ ಕುಣಿಕೆಗೆ, ಆ ಕಡೆಯ ಕುಣಿಕೆಗೆ ತೂರಿಸುತ್ತ ಹೋಗಬೇಕು. ಎಪ್ಪತ್ತೆಂಟಕ್ಕೆ ಎಪ್ಪತ್ತೆಂಟು ಸೇರಬೇಕು. ಇಳಕಲ್ಲ ಸೀರೆಯ ಕೊಂಡಿಯಲ್ಲಿ ಕುಣಿಕೆಯು ಕುಣಿಕೆಯನ್ನೇ ನೇರವಾಗಿ ಹಿಡಿಯುತ್ತದೆ. ಇಲ್ಲಿ ನಡುವೆ ಒಂದು ನೂಲು ಸಾಲಾಗಿ ಸಾಗುತ್ತದೆ. ಭೇದವು ಇಷ್ಟೇ. ಸೇರಿದ ಜಾಗ ಕಾಣದಂತಿರಬೇಕೆಂಬ ಹಂಬಲವು ಎರಡರಲ್ಲಿಯೂ ಸಮಾನ.

ಮುಗಿತಾಯ: ಹೆಣೆದ ಶಾಲು ಮೊದಲು ಮುದುಡಿದ ಚಿಂದಿಯಂತೆ ಕಾಣುತ್ತದೆ, ಹೊಸಬರು ನಿರಾಶರಾಗುವುದು ಇಲ್ಲಿಯೇ. ಅದನ್ನು ನೀರಿನಲ್ಲಿ ನೆನೆಯಿಸಿ, ಹಿಂಡದೆ ಒಣ ಬಟ್ಟೆಯಲ್ಲಿ ಒತ್ತಿ, ಚಾಪೆಯ ಮೇಲೆ ಹರವಿ, ಪ್ರತಿ ಅಲೆಯ ತುದಿಯನ್ನೂ ಎಳೆದು ಗುಂಡುಸೂಜಿ ಚುಚ್ಚಿ, ನೆರಳಿನಲ್ಲಿ ಒಣಗಿಸಿದಾಗ ರಂಧ್ರಗಳು ಕಣ್ದೆರೆಯುತ್ತವೆ. ಆಗಲೇ ಅದು ಶಾಲು.

೬. ಶಾಲೆಗೆ ಇದರಿಂದ ಆಗುವುದೇನು

ಕೈಕಸುಬನ್ನು ಶಿಕ್ಷಣದ ಕೇಂದ್ರದಲ್ಲಿಡಬೇಕೆಂದು ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಪ್ರತಿಪಾದಿಸಿದರು. ೧೯೭೭ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯಕ್ರಮದಲ್ಲಿ ಸೇರಿಸಲು ಸೂಚಿಸಿತು. ಆದರೆ ಪರೀಕ್ಷೆ ಸಮೀಪಿಸಿದಾಗ ಮೊದಲು ಬಲಿಯಾಗುವುದು ಕಸುಬಿನ ಅವಧಿಯೇ ಎಂಬುದು ಅಧ್ಯಾಪಕರೆಲ್ಲರ ಅನುಭವ. ಕಾಯಕವನ್ನು ಕುರಿತು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತನಾಡುವ ನಾವು, ವೇಳಾಪಟ್ಟಿಯಲ್ಲಿ ಅದಕ್ಕೆ ನಲವತ್ತು ನಿಮಿಷ ಕೊಡಲು ಹಿಂಜರಿಯುವುದು ವಿಚಾರಣೀಯ.

ಈ ಶಾಲಿಗೆ ಎಷ್ಟು ಕಾಲ ಬೇಕು? ಕಲಿಯುವ ಮಗುವಿನ ಕೈ ನಿಮಿಷಕ್ಕೆ ಹದಿನೈದು ಕುಣಿಕೆ ಹೆಣೆಯುವುದೆಂದು ಇಟ್ಟುಕೊಂಡರೆ, ೨೪,೯೬೦ ಕುಣಿಕೆಗಳಿಗೆ ೧,೬೬೪ ನಿಮಿಷ. ವಾರಕ್ಕೆ ನಲವತ್ತು ನಿಮಿಷದ ಎರಡು ಅವಧಿಗಳಾದರೆ ಇಪ್ಪತ್ತೊಂದು ವಾರ. ಎರಡು ಅರ್ಧಗಳನ್ನು ಇಬ್ಬರು ಮಕ್ಕಳು ಏಕಕಾಲದಲ್ಲಿ ಹೆಣೆದರೆ ಹನ್ನೊಂದು ವಾರಗಳೊಳಗೆ ಮುಗಿಯುತ್ತದೆ. ಹೀಗೆ ಹಂಚಿಕೊಂಡಾಗ ಇಬ್ಬರ ಕೈಯ ಬಿಗಿ ಒಂದೇ ಆಗಿರಬೇಕು. ಇಲ್ಲವಾದರೆ ಒಂದು ಅರ್ಧ ಅಗಲ, ಒಂದು ಅರ್ಧ ಕಿರಿದು. ಆದ್ದರಿಂದ ಇಬ್ಬರೂ ಒಂದೇ ಮಾದರಿ ತುಂಡನ್ನು ಮುಂದಿಟ್ಟುಕೊಂಡು, ಒಬ್ಬರ ಕೆಲಸವನ್ನೊಬ್ಬರು ಅಳೆದು ನೋಡುತ್ತ ಸಾಗಬೇಕು. ನೇಕಾರರ ಮನೆಯ ಮಗುವನ್ನೂ ಒಕ್ಕಲುತನದ ಮನೆಯ ಮಗುವನ್ನೂ ಜೊತೆಯಾಗಿ ಕೂರಿಸಿದರೆ ಇನ್ನೂ ಒಳ್ಳೆಯದು. ಕೊಂಡಿಯೆಂದರೇನೆಂದು ಒಂದು ಮಗು ಇನ್ನೊಂದಕ್ಕೆ ಹೇಳಿಕೊಡುವಾಗ, ತನ್ನ ಮನೆಯ ವಿದ್ಯೆಗೆ ಶಾಲೆಯಲ್ಲಿ ಬೆಲೆಯಿದೆಯೆಂದು ಅದಕ್ಕೆ ಮೊದಲ ಬಾರಿಗೆ ತಿಳಿಯುವುದು. ತಂದೆಯ ಉದ್ಯೋಗವೇನೆಂದು ಕೇಳಿದರೆ ತಲೆ ತಗ್ಗಿಸಿ 'ಮಗ್ಗ' ಎನ್ನುವ ಮಕ್ಕಳನ್ನು ನಾವೆಲ್ಲರೂ ನೋಡಿದ್ದೇವೆ. ಆ ತಲೆ ಎತ್ತುವಂತಾಗುವುದು ಯಾವ ಬಹುಮಾನಕ್ಕೂ ಕಡಿಮೆಯಲ್ಲ.

ಹೆಣಿಗೆಯಿಂದ ಮಗ್ಗ ಉಳಿಯುವುದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಮಗ್ಗದ ಕಷ್ಟ ಬೇರೆ, ದೊಡ್ಡದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ ೧೯೮೫ರಲ್ಲಿ ಬಂದಿತು. ಇಳಕಲ್ಲ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೂ ಯಂತ್ರಮಗ್ಗದ ಸೀರೆಯು ಅದೇ ಹೆಸರಿನಲ್ಲಿ, ಕಡಿಮೆ ಬೆಲೆಯಲ್ಲಿ ಮಾರಾಟವಾಗುವುದು ನಿಂತಿಲ್ಲ. ಕೊಳ್ಳುವವರಿಗೆ ಭೇದ ತಿಳಿಯದಿರುವುದೇ ಇದಕ್ಕೆ ಒಂದು ಕಾರಣ. ೨೦೧೯-೨೦ರ ಕೈಮಗ್ಗ ಗಣತಿಯ ಪ್ರಕಾರ ಭಾರತದಲ್ಲಿ ಮೂವತ್ತೈದು ಲಕ್ಷಕ್ಕೂ ಹೆಚ್ಚು ಕೈಮಗ್ಗ ಕಾರ್ಮಿಕರಿದ್ದಾರೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಒಂದು ಶಾಲನ್ನು ತನ್ನ ಕೈಯಿಂದ ಹೆಣೆದು ಇಪ್ಪತ್ತೈದು ಸಾವಿರ ಕುಣಿಕೆಗಳ ಭಾರವನ್ನು ಬಲ್ಲ ಮಗು, ದೊಡ್ಡದಾದ ಮೇಲೆ ಸೀರೆ ಕೊಳ್ಳುವಾಗ ಸೆರಗನ್ನು ತಿರುವಿ ಕೊಂಡಿಯನ್ನು ಹುಡುಕುತ್ತದೆ. ತಿಳಿದು ಕೊಳ್ಳುವವರಿದ್ದರೆ ಮಾತ್ರ ತಿಳಿದು ನೇಯುವವರು ಉಳಿಯುತ್ತಾರೆ.

೭. ಮೂರು ಸೂಚನೆಗಳು

ಈ ಅಧ್ಯಯನದ ಫಲವಾಗಿ ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಇಡಬಯ­ಸುತ್ತೇನೆ.

ಮೊದಲನೆಯದು ಪದಸಂಗ್ರಹ. ಎಂಟನೆಯ, ಒಂಬತ್ತನೆಯ ತರಗತಿಗಳ ವಿದ್ಯಾರ್ಥಿಗಳು ತಮ್ಮ ಊರಿನ ನೇಕಾರರ, ಕಂಬಳಿ ನೇಯುವವರ, ಕಸೂತಿ ಹಾಕುವ ಹಿರಿಯರ ಬಳಿ ಕುಳಿತು, ಉಪಕರಣಗಳ, ಕ್ರಿಯೆಗಳ, ವಿನ್ಯಾಸಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಹೆಸರಿನ ಪಕ್ಕದಲ್ಲಿ ಊರು, ಅರ್ಥ, ಸಾಧ್ಯವಾದರೆ ಒಂದು ಚಿತ್ರ ಇರಲಿ. ಕನ್ನಡ ಅಧ್ಯಾಪಕರು ಅದನ್ನು ಅಕಾರಾದಿಯಾಗಿ ಜೋಡಿಸಿಕೊಡಲಿ. ಹೊಸ ಪದಕೋಶವೊಂದಕ್ಕೆ ಇದಕ್ಕಿಂತ ಒಳ್ಳೆಯ ಬುನಾದಿ ದೊರೆಯದು.

ಎರಡನೆಯದು ವಿನ್ಯಾಸದ ಪುಸ್ತಕ. ಚೌಕದ ಹಾಳೆಯ ಮೇಲೆ ಒಂದೊಂದು ಮನೆಯನ್ನು ಒಂದೊಂದು ಎಳೆಯೆಂದೋ ಕುಣಿಕೆಯೆಂದೋ ಭಾವಿಸಿ, ಹಣಿಗೆ, ಕೋಟೆ, ತೆನೆ, ರಂಪಗಳನ್ನೂ, ಕಸೂತಿಯ ತೇರು ಗೋಪುರಗಳನ್ನೂ ಬಣ್ಣದಲ್ಲಿ ಬರೆದಿಡಲಿ. ಹಿರಿಯರ ಬೆರಳುಗಳಲ್ಲಿ ಮಾತ್ರ ಉಳಿದಿರುವ ಲೆಕ್ಕವು ಕಾಗದಕ್ಕೆ ಇಳಿದರೆ ಮುಂದಿನವರಿಗೆ ದಕ್ಕೀತು. ಗಣಿತದ ಅಧ್ಯಾಪಕರಿಗೂ ಚಿತ್ರಕಲಾ ಶಿಕ್ಷಕರಿಗೂ ಇದರಲ್ಲಿ ಸಮಾನ ಪಾಲಿದೆ.

ಮೂರನೆಯದು ಶಾಲಿನ ಮಾತು. ಮುಂದಿನ ವರ್ಷದಿಂದ ನಮ್ಮ ಸಮಾರಂಭಗಳಲ್ಲಿ ಹೊದಿಸುವ ಶಾಲುಗಳಲ್ಲಿ ಒಂದಾದರೂ ನಮ್ಮ ಮಕ್ಕಳು ಹೆಣೆದುದಾಗಲಿ. ಉಳಿದವನ್ನು ಈ ಜಿಲ್ಲೆಯ ಕೈಮಗ್ಗದವರಿಂದಲೇ, ಅವರು ಕೇಳಿದ ನ್ಯಾಯವಾದ ಬೆಲೆಗೆ ಕೊಳ್ಳೋಣ. ಬೆಲೆ ಹೆಚ್ಚೆಂದು ಶಾಲುಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕಾಗಿ ಬಂದರೂ ಚಿಂತೆಯಿಲ್ಲ. ಹತ್ತು ಜನರಿಗೆ ಅನಾಮಧೇಯ ಶಾಲು ಹೊದಿಸುವುದಕ್ಕಿಂತ, ಇಬ್ಬರಿಗೆ ಹೆಸರುಳ್ಳ ಶಾಲು ಹೊದಿಸುವುದರಲ್ಲಿ ಗೌರವ ಹೆಚ್ಚು. ದಾನಿಗಳು ಶಾಲೆಗೆ ಕೊಡುವ ಕಾಣಿಕೆಯ ಒಂದು ಭಾಗವನ್ನು ನೂಲು ಮತ್ತು ಕಡ್ಡಿಗಳಿಗೆಂದು ನಿಗದಿಪಡಿಸಿದರೆ ಈ ಕಾರ್ಯವು ಈ ವರ್ಷವೇ ಆರಂಭವಾಗಬಹುದು. ಬೇಕಾದುದು ಅಲ್ಪವೇ: ಮೂರು ಬಣ್ಣದ ನೂಲು, ಎರಡೆರಡು ಕಡ್ಡಿ, ಒಂದು ಮೊಂಡು ಸೂಜಿ, ವಾರಕ್ಕೆ ಎರಡು ಅವಧಿ, ಮತ್ತು ಎಣಿಸುವ ತಾಳ್ಮೆ.